ಅಂಕವಹಿಯ ಚರಿತ್ರೆ: ಕೂಲಿಮಠದಿಂದ ಗಣಕದವರೆಗೆ

ವಿದ್ಯಾರ್ಥಿಯ ಹೆಸರಿನ ಮುಂದೆ ವಿಷಯವಾರು ಅಂಕ ಬರೆದಿಡುವ ಪದ್ಧತಿ ಶಾಲೆಯಷ್ಟು ಹಳೆಯದಲ್ಲ. ಪಾಠ ಒಪ್ಪಿಸುವುದು, ತಪ್ಪಿದರೆ ಮತ್ತೆ ಕಲಿಯುವುದು, ಒಪ್ಪಿಸಿದ ಮೇಲೆ ಮುಂದಿನ ಪಾಠಕ್ಕೆ ಹೋಗುವುದು ಎಲ್ಲ ಕಾಲದಲ್ಲೂ ಇತ್ತು. ಆದರೆ ಅಡ್ಡಸಾಲಿನಲ್ಲಿ ಹೆಸರು, ಕಂಬಸಾಲಿನಲ್ಲಿ ವಿಷಯ, ಕೊನೆಗೆ ಒಟ್ಟು ಮೊತ್ತ ಮತ್ತು ದರ್ಜೆ ಎಂಬ ಅಂಕವಹಿಯ ರೂಪ ನಮ್ಮಲ್ಲಿ ನೆಲೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂದು ಪ್ರೋಗ್ರಾಮಿಂಗ್ ಕಲಿಯುವವರಿಗೆ ಮೊದಮೊದಲು ಕೊಡುವ ಅಭ್ಯಾಸಗಳಲ್ಲಿ ಈ ವಹಿಯನ್ನು ಗಣಕದಲ್ಲಿ ಕಟ್ಟುವುದೂ ಒಂದು: ಹೆಸರು ಮತ್ತು ಅಂಕಗಳನ್ನು ತೆಗೆದುಕೊಳ್ಳಬೇಕು, ಮೊತ್ತ ಕೂಡಬೇಕು, ಪಾಸು-ನಪಾಸು ಹೇಳಬೇಕು. ಈ ಸಣ್ಣ ಪ್ರೋಗ್ರಾಮಿನಲ್ಲಿ ಬರುವ ನೋಂದಣಿ ಸಂಖ್ಯೆ, ಕನಿಷ್ಠ ಅಂಕ, ಗೈರುಹಾಜರಿಯ ಗುರುತು, ಕೃಪಾಂಕ, ರ‍್ಯಾಂಕ್ ಯಾವುವೂ ಪ್ರೋಗ್ರಾಮರ್ ಹುಟ್ಟಿಸಿದ್ದಲ್ಲ. ಒಂದೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಚೇರಿಗಳ ಅಗತ್ಯದಿಂದ ವಹಿಗೆ ಬಂದು ಸೇರಿದೆ.

ಬಳ್ಳಾರಿಯ ವರದಿ

ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ಎಲ್ಲ ಜಿಲ್ಲೆಗಳ ದೇಶೀ ಶಾಲೆಗಳ ವಿವರ ಕಳಿಸುವಂತೆ ಆಜ್ಞೆ ಮಾಡಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ಉತ್ತರ ಅವುಗಳಲ್ಲೆಲ್ಲ ವಿವರವಾದದ್ದು. 9,27,857 ಜನಸಂಖ್ಯೆಯ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅಂದರೆ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಪಾಠ ಬೆಳಿಗ್ಗೆ ಆರಕ್ಕೆ ಆರಂಭವಾಗುತ್ತಿತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ; ಅವನು ಹೊಗಳಿಕೆಗೂ ಅಲ್ಲ, ತೆಗಳಿಕೆಗೂ ಅಲ್ಲ ಎಂದು ಅರ್ಥ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಏಟು ಹೆಚ್ಚು. ಇದೂ ಒಂದು ಬಗೆಯ ಶ್ರೇಣಿಯೇ. ಆದರೆ ಅದರ ದಾಖಲೆ ಅಂಗೈ ತೊಳೆಯುವವರೆಗೆ ಮಾತ್ರ ಉಳಿಯುತ್ತಿತ್ತು.

ಬರವಣಿಗೆಯ ಸಾಧನಗಳೂ ಹಾಗೆಯೇ ಇದ್ದವು. ಅಕ್ಷರವನ್ನು ನೆಲದ ಮೇಲಿನ ಮರಳಿನಲ್ಲಿ ಬೆರಳಿನಿಂದ ತಿದ್ದಬೇಕು. ಮುಂದೆ ಹಲಗೆ, ಇಲ್ಲವೆ ಇದ್ದಿಲು ಮತ್ತು ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆಯ ಕಡತ. ಬರೆದು ಅಳಿಸಿ ಮತ್ತೆ ಬರೆಯುವುದಕ್ಕೇ ಇವು ಇದ್ದದ್ದು. ಮಕ್ಕಳನ್ನು ಅವರವರ ಶಕ್ತಿಗೆ ತಕ್ಕಂತೆ ಗುಂಪು ಮಾಡಿ, ಕಿರಿಯರನ್ನು ಹಿರಿಯ ಹುಡುಗರ ಕೈಗೆ ಒಪ್ಪಿಸುತ್ತಿದ್ದರು. ಹನ್ನೆರಡು ಮಕ್ಕಳಲ್ಲಿ ಯಾರು ಕಾಗುಣಿತ ಮುಗಿಸಿದ್ದಾರೆ, ಯಾರು ಮಗ್ಗಿಯಲ್ಲಿ ಎಡವುತ್ತಿದ್ದಾರೆ ಎಂಬುದು ಕೂಲಿಮಠ ಎನ್ನುತ್ತಿದ್ದ ಈ ದೇಶೀ ಶಾಲೆಯ ಐಗಳಿಗೆ, ಅಂದರೆ ಮೇಷ್ಟರಿಗೆ, ಬಾಯಲ್ಲೇ ಗೊತ್ತಿರುತ್ತಿತ್ತು. ಮಗುವನ್ನು ಕಾಣದ ಹೊರಗಿನವನೊಬ್ಬ ಅದರ ಕಲಿಕೆಯನ್ನು ತಿಳಿಯಬೇಕೆಂದಾಗ ಮಾತ್ರ ವಹಿ ಬೇಕಾಗುತ್ತದೆ. ಕೂಲಿಮಠಕ್ಕೆ ಅಂಥ ಹೊರಗಿನವನು ಇರಲಿಲ್ಲ.

ಮದ್ರಾಸಿನ ಎಗ್ಮೋರ್‌ನಲ್ಲಿದ್ದ ಸೈನಿಕರ ಅನಾಥ ಬಾಲಕರ ಆಶ್ರಮದಲ್ಲಿ ಅಂಥವನು ಇದ್ದ. ಅದನ್ನು ನಡೆಸುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಹುಡುಗರೇ ಹುಡುಗರಿಗೆ ಕಲಿಸುವ ಮತ್ತು ಮರಳಿನಲ್ಲಿ ತಿದ್ದಿಸುವ ದೇಶೀ ಕ್ರಮವನ್ನು ಕಂಡು ಅಳವಡಿಸಿಕೊಂಡ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚು ಮಾಡಿಸಿದ. ದೇಶೀ ಕ್ರಮಕ್ಕೆ ಅವನು ಸೇರಿಸಿದ್ದು ದಿನವಹಿ. ಪ್ರತಿ ದಿನ ಯಾರು ಎಷ್ಟು ಪಾಠ ಮುಗಿಸಿದರು ಎಂಬುದಕ್ಕೆ ಒಂದು, ತಪ್ಪುಗಳಿಗೆ ಇನ್ನೊಂದು. ಆಶ್ರಮದ ಖರ್ಚನ್ನು ಈಸ್ಟ್ ಇಂಡಿಯಾ ಕಂಪನಿಯೂ ದಾನಿಗಳೂ ಕೊಡುತ್ತಿದ್ದರು. ಅವರಿಗೆ ಲೆಕ್ಕ ಒಪ್ಪಿಸಬೇಕಿತ್ತು.

ಯೋಗ್ಯತಾ ಪಟ್ಟಿ ಮತ್ತು ಕೃಪೆ

ಅಂಕಗಳ ಇನ್ನೊಂದು ಬೇರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದೆ. ಅಲ್ಲಿನ ಪದವಿ ಪರೀಕ್ಷೆ ಮೊದಲು ಲ್ಯಾಟಿನ್ನಿನ ಬಾಯಿವಾದವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಅದು ಕ್ರಮೇಣ ಗಣಿತದ ಬರಹ ಪರೀಕ್ಷೆಯಾಯಿತು. ಉತ್ತರಗಳು ಕಾಗದಕ್ಕೆ ಬಂದ ಮೇಲೆ ಒಂದೊಂದು ಪ್ರಶ್ನೆಗೆ ಇಷ್ಟಿಷ್ಟು ಎಂದು ಬೆಲೆ ಕಟ್ಟುವುದು ಸಾಧ್ಯವಾಯಿತು. 1753ರಿಂದ ಗೌರವ ಪಟ್ಟಿಯಲ್ಲಿ ರ‍್ಯಾಂಗ್ಲರ್, ಸೀನಿಯರ್ ಆಪ್ಟಿಮೆ, ಜೂನಿಯರ್ ಆಪ್ಟಿಮೆ ಎಂಬ ಮೂರು ದರ್ಜೆಗಳಿದ್ದವು. ದರ್ಜೆಯೊಳಗೂ ಹೆಸರುಗಳು ಯೋಗ್ಯತೆಯ ಕ್ರಮದಲ್ಲೇ ಇರುತ್ತಿದ್ದವು. ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 1785ರಲ್ಲಿ 58 ವಿದ್ಯಾರ್ಥಿಗಳನ್ನು ಪರೀಕ್ಷಿಸಿ ನಾಲ್ಕು ಲ್ಯಾಟಿನ್ ದರ್ಜೆಗಳಲ್ಲಿ ಹಂಚಿ ತನ್ನ ದಿನಚರಿಯಲ್ಲಿ ಬರೆದುಕೊಂಡ.

ರ‍್ಯಾಂಗ್ಲರ್ ಪಟ್ಟದ ಮೋಹ ಭಾರತಕ್ಕೂ ದಾಟಿತು. 1899ರಲ್ಲಿ ಆರ್.ಪಿ. ಪರಾಂಜಪೆ ಸೀನಿಯರ್ ರ‍್ಯಾಂಗ್ಲರ್ (ಪಟ್ಟಿಯ ಮೊದಲಿಗ) ಆದದ್ದು ದೇಶಕ್ಕೆ ದೇಶವೇ ಮಾತಾಡಿದ ಸುದ್ದಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ಕುಲಪತಿಯಾಗಿ ಕಟ್ಟಿದ ಡಿ.ಸಿ. ಪಾವಟೆಯವರ ಹೆಸರಿನ ಹಿಂದೆಯೂ ಜನ ರ‍್ಯಾಂಗ್ಲರ್ ಎಂದೇ ಸೇರಿಸಿ ಹೇಳುತ್ತಿದ್ದರು. ಕೇಂಬ್ರಿಜ್ ಮಾತ್ರ 1909ರ ಬಳಿಕ ಗಣಿತದ ಸ್ಥಾನಕ್ರಮ ಪ್ರಕಟಿಸುವುದನ್ನು ಬಿಟ್ಟಿತು. ಸ್ಥಾನಕ್ರಮ ಭಾರತದ ಫಲಿತಾಂಶಗಳಲ್ಲಿ ಉಳಿದುಕೊಂಡಿತು.

ಶಿಕ್ಷಣ ಕುರಿತ 1854ರ ವುಡ್ ಆದೇಶದ ಫಲವಾಗಿ ಕಲ್ಕತ್ತಾ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾಲಯಗಳು 1857ರಲ್ಲಿ ಹುಟ್ಟಿದವು. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಇವು ಪಾಠ ಹೇಳುವ ಬದಲು ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದವು. ಕಲಿಸುವವನೊಬ್ಬ, ಪರೀಕ್ಷಿಸುವವನು ಇನ್ನೊಬ್ಬ ಎಂಬ ಏರ್ಪಾಡಿನಲ್ಲಿ ಇಬ್ಬರ ನಡುವೆ ಹೋಗಿ ಬರುವುದು ಅಂಕ ಮಾತ್ರ. ಕಲ್ಕತ್ತಾದ ಮೊದಲ ಬಿ.ಎ. ಪರೀಕ್ಷೆ ನಡೆದದ್ದು 1858ರಲ್ಲಿ. ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬೋಸ್ ಉಳಿದ ವಿಷಯಗಳಲ್ಲಿ ಗೆದ್ದರೂ ಒಂದರಲ್ಲಿ ಕೆಲವೇ ಅಂಕಗಳಿಂದ ಹಿಂದೆ ಬಿದ್ದರು. ವಿಶ್ವವಿದ್ಯಾಲಯ ವಿಶೇಷ ಕೃಪೆಯಿಂದ ಇಬ್ಬರನ್ನೂ ತೇರ್ಗಡೆ ಮಾಡಿತು. ಕನಿಷ್ಠ ಅಂಕದ ಗೆರೆ ಎಳೆದ ಮೊದಲ ಸಲವೇ ಅದನ್ನು ಸಡಿಲಿಸುವ ನಿಯಮವೂ ಬೇಕಾಯಿತು. ಇಂದಿನ ಅಂಕಪಟ್ಟಿಯ ಕೃಪಾಂಕಕ್ಕೆ ಇಷ್ಟು ವಯಸ್ಸಾಗಿದೆ.

ಇನ್‌ಸ್ಪೆಕ್ಟರು ಬಂದ ಮೇಲೆ

ವಹಿಯನ್ನು ಹಳ್ಳಿಯ ಶಾಲೆಯವರೆಗೆ ಒಯ್ದದ್ದು ಅನುದಾನ. ಬ್ರಿಟನ್ನಿನಲ್ಲಿ ರಾಬರ್ಟ್ ಲೋ 1862ರಲ್ಲಿ ಜಾರಿಗೆ ತಂದ ನಿಯಮಾವಳಿಯ ಪ್ರಕಾರ, ಶಾಲೆಗೆ ಸಿಗುವ ಹಣ ಮಕ್ಕಳ ಹಾಜರಿಯನ್ನೂ ಓದು, ಬರಹ, ಲೆಕ್ಕಗಳಲ್ಲಿ ಒಂದೊಂದು ಮಗು ಪಾಸಾದುದನ್ನೂ ಅವಲಂಬಿಸಿತ್ತು. ಈ ಫಲಿತಾಂಶಾನುಸಾರ ಅನುದಾನವನ್ನು ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳೂ ತಮ್ಮದೇ ಬಗೆಯಲ್ಲಿ ಅನುಸರಿಸಿದವು. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು, ಹೆಸರು ಕೂಗಿ, ಮಗುವನ್ನು ನಿಲ್ಲಿಸಿ ಓದಿಸುತ್ತಿದ್ದರು. ಹೆಸರಿನ ಮುಂದೆ ಬೀಳುವ ಗುರುತು ಮೇಷ್ಟರ ಸಂಬಳವನ್ನು ತೀರ್ಮಾನಿಸುತ್ತಿತ್ತು.

ಹಣದ ಲೆಕ್ಕ ಬಂದೊಡನೆ ವಹಿಗೆ ಹಣದ ಲೆಕ್ಕದ ಶಿಸ್ತೂ ಬಂತು. ಒಂದೇ ಮಗುವನ್ನು ಎರಡು ಸಲ ಎಣಿಸದಂತೆ ದಾಖಲಾತಿ ವಹಿಯಲ್ಲಿ ಕ್ರಮಸಂಖ್ಯೆ ಬೇಕಾಯಿತು. ಶಾಲೆ ಬಿಟ್ಟವರ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯದಂತೆ ವರ್ಗಾವಣೆ ಪತ್ರ ಬೇಕಾಯಿತು. ಬರೆದದ್ದನ್ನು ಕೆರೆದು ಅಳಿಸುವಂತಿಲ್ಲ. ತಪ್ಪಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಬ್ರಿಟನ್ 1890ರ ದಶಕದಲ್ಲಿ ಈ ಅನುದಾನ ಪದ್ಧತಿಯನ್ನು ಕೈಬಿಟ್ಟರೂ ಅದು ಬೆಳೆಸಿದ ವಹಿಗಳು ಉಳಿದವು.

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ 1857ರಲ್ಲಿ ಆರಂಭವಾಯಿತು. ಶಾಸನಗಳ ಸಂಪಾದಕರೆಂದು ಹೆಸರಾದ ಬಿ.ಎಲ್. ರೈಸ್ ಈ ಇಲಾಖೆಯಲ್ಲಿದ್ದವರು. 1868ರಲ್ಲಿ ಹೋಬಳಿಗೊಂದು ಶಾಲೆ ತೆರೆಯುವ ಯೋಜನೆ ಅವರದು. ಕೂಲಿಮಠದ ಐಗಳಲ್ಲಿ ಹಲವರು ಹೀಗೆ ಸರ್ಕಾರಿ ಮೇಷ್ಟರಾದರು, ಬಾಯಲ್ಲಿದ್ದ ಲೆಕ್ಕವನ್ನು ಕಾಗದಕ್ಕೆ ಇಳಿಸಬೇಕಾಯಿತು. 1913ರ ಪ್ರಾಥಮಿಕ ಶಿಕ್ಷಣ ಕಾನೂನು ಆಯ್ದ ಸ್ಥಳಗಳಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಲು ದಾರಿ ಮಾಡಿತು. ಆಗ ಶಾಲೆಗೆ ಬಂದವರ ಜೊತೆಗೆ ಬಾರದವರ ಪಟ್ಟಿಯೂ ಅಗತ್ಯವಾಯಿತು. ಅದೇ ಕಾಲದಲ್ಲಿ ಮದ್ರಾಸಿನಲ್ಲಿ ಮೆಟ್ರಿಕ್ಯುಲೇಷನ್ ಬದಲಿಗೆ ಎಸ್‌ಎಸ್‌ಎಲ್‌ಸಿ ಬಂತು. ಅದು ಹಾಳೆಯಲ್ಲ, ಪುಸ್ತಕ. ಪ್ರೌಢಶಾಲೆಯ ವರ್ಷಗಳಲ್ಲಿ ಮೇಷ್ಟರು ಕೊಟ್ಟ ಅಂಕಗಳೂ ಸಾರ್ವಜನಿಕ ಪರೀಕ್ಷೆಯ ಅಂಕಗಳೂ ಅದರಲ್ಲಿ ಸೇರುತ್ತಿದ್ದವು. ಒಂದೇ ಪರೀಕ್ಷೆಯ ಬದಲು ಹಲವು ವರ್ಷಗಳ ಸಾಧನೆಯನ್ನು ಒಂದು ಕಡೆ ನೋಡಬೇಕೆಂಬ ಆಲೋಚನೆ ಅದರ ಹಿಂದಿತ್ತು.

ಸಂಖ್ಯೆಯ ಮೇಲೆ ಸಂಶಯ

ವಹಿಗಳು ಅಚ್ಚುಕಟ್ಟಾದಷ್ಟೂ ಒಳಗಿನ ಅಂಕ ಎಷ್ಟು ನಂಬಲರ್ಹ ಎಂಬ ಪ್ರಶ್ನೆ ಎದ್ದಿತು. ಅಮೆರಿಕದಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ 1912ರಲ್ಲಿ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಾರು ಶಾಲೆಗಳಿಗೆ ಕಳಿಸಿದರು. ಬಂದ ಅಂಕಗಳು ನೂರಕ್ಕೆ ಐವತ್ತರ ಆಸುಪಾಸಿನಿಂದ ತೊಂಬತ್ತೈದು ದಾಟುವವರೆಗೆ ಹರಡಿದ್ದವು. ಮುಂದಿನ ವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದಾಗ ಅಂತರ ಇನ್ನೂ ಹೆಚ್ಚಿತು. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್, ಇ.ಸಿ. ರೋಡ್ಸ್ ಜೊತೆಗೆ ಇಂಗ್ಲೆಂಡಿನಲ್ಲಿ ನಡೆಸಿದ ಅಧ್ಯಯನ 1935ರಲ್ಲಿ ಹೊರಬಂತು. ಅದರಲ್ಲಿ 14 ಪರೀಕ್ಷಕರು ಇತಿಹಾಸದ 15 ಉತ್ತರಪತ್ರಿಕೆಗಳನ್ನು ವರ್ಷ ಕಳೆದ ಮೇಲೆ ಮತ್ತೆ ತಿದ್ದಿದರು. 210 ತೀರ್ಪುಗಳಲ್ಲಿ 92 ಬದಲಾದವು. ಪರೀಕ್ಷಕನ ಮಾತು ಇನ್ನೊಬ್ಬನ ಮಾತಿಗಿರಲಿ, ಅವನದೇ ಹಿಂದಿನ ಮಾತಿಗೆ ಹೊಂದುತ್ತಿರಲಿಲ್ಲ.

ಸ್ವತಂತ್ರ ಭಾರತದ ಆಯೋಗಗಳು ಇದನ್ನು ಗಮನಿಸಿದವು. ರಾಧಾಕೃಷ್ಣನ್ ಆಯೋಗ (1948-49) ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡುವುದಿದ್ದರೆ ಅದು ಪರೀಕ್ಷೆಯದಾಗಲಿ ಎಂದಿತು. ಮುದಲಿಯಾರ್ ಆಯೋಗ (1952-53) ಸಂಖ್ಯೆಯ ಬದಲು ಶ್ರೇಣಿಯ ಚಿಹ್ನೆಗಳನ್ನು ಬಳಸಲು ಮತ್ತು ಪ್ರತಿ ವಿದ್ಯಾರ್ಥಿಯ ಶಾಲಾ ದಾಖಲೆಯನ್ನು ಕ್ರಮವಾಗಿ ಇಡಲು ಸೂಚಿಸಿತು. ಆದರೆ ಶ್ರೇಣಿ ಮತ್ತು ನಿರಂತರ ದಾಖಲೆ ಎರಡೂ ಮೇಷ್ಟರ ಬರಹದ ಕೆಲಸ ಹೆಚ್ಚಿಸುವಂಥವು. ಕೈಬರಹದ ವಹಿಯಲ್ಲಿ ಅವು ನಿಧಾನವಾಗಿಯೇ ಸಾಗಿದವು.

ರಂಧ್ರಕಾರ್ಡಿನಿಂದ ಸ್ಪ್ರೆಡ್‌ಶೀಟಿಗೆ

ಅಂಕ ಎಣಿಸುವ ಯಂತ್ರದ ಹಿಂದೆ ಒಬ್ಬ ಮೇಷ್ಟರಿದ್ದಾರೆ. ಅಮೆರಿಕದ ಮಿಷಿಗನ್ ರಾಜ್ಯದ ವಿಜ್ಞಾನ ಶಿಕ್ಷಕ ರೆನಾಲ್ಡ್ ಜಾನ್ಸನ್ ಪೆನ್ಸಿಲಿನ ಸೀಸ ವಿದ್ಯುತ್ತನ್ನು ಹರಿಸುತ್ತದೆ ಎಂಬ ಗುಣವನ್ನು ಬಳಸಿ ಬಹುಆಯ್ಕೆಯ ಉತ್ತರಗಳನ್ನು ಗುರುತಿಸುವ ಸಾಧನ ಮಾಡಿದರು. ಐಬಿಎಂ ಅದನ್ನು ಕೊಂಡು, ಜಾನ್ಸನ್‌ರನ್ನೂ ಕೆಲಸಕ್ಕೆ ಸೇರಿಸಿಕೊಂಡು, 1938ರಲ್ಲಿ 805 ಎಂಬ ಯಂತ್ರವಾಗಿ ಮಾರುಕಟ್ಟೆಗೆ ಬಿಟ್ಟಿತು. 1950ರ ದಶಕದಲ್ಲಿ ಅಯೋವಾದ ಇ.ಎಫ್. ಲಿಂಡ್‌ಕ್ವಿಸ್ಟ್ ವಿದ್ಯುತ್ತಿನ ಬದಲು ಬೆಳಕಿನಿಂದ ಗುರುತು ಓದುವ ಯಂತ್ರ ಕಟ್ಟಿದರು. ಇಂದಿನ ಓಎಂಆರ್ ಹಾಳೆ ಆ ಸಾಲಿನದು. ಕೋವಿಡ್ ಕಾಲದ 2021ರಲ್ಲಿ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಎರಡೇ ದಿನಗಳಲ್ಲಿ ಮುಗಿಸಲು ಸಾಧ್ಯವಾದದ್ದೂ ಈ ಹಾಳೆಯಿಂದ.

ವಹಿಯ ಕೆಲಸ ಯಂತ್ರಕ್ಕೆ ಬಂದದ್ದು ರಂಧ್ರಕಾರ್ಡಿನ ಮೂಲಕ. ಹರ್ಮನ್ ಹೊಲರಿತ್ ಅಮೆರಿಕದ 1890ರ ಜನಗಣತಿಗೆ ರೂಪಿಸಿದ ಕಾರ್ಡು 1928ರ ಹೊತ್ತಿಗೆ 80 ಕಾಲಮ್ಮುಗಳದ್ದಾಯಿತು. ಒಬ್ಬ ವಿದ್ಯಾರ್ಥಿಗೆ ಒಂದು ಕಾರ್ಡು ಎಂದಾದರೆ ನೋಂದಣಿ ಸಂಖ್ಯೆ, ಹೆಸರು, ಆರು ವಿಷಯಗಳ ಅಂಕ ಎಲ್ಲವೂ 80 ಅಕ್ಷರಗಳಲ್ಲಿ ಮುಗಿಯಬೇಕು. ಎಷ್ಟನೆಯ ಕಾಲಮ್ಮಿನಿಂದ ಎಷ್ಟನೆಯದರವರೆಗೆ ಏನು ಎಂಬುದನ್ನು ಮೊದಲೇ ಗೊತ್ತು ಮಾಡಬೇಕು. ಉದ್ದ ಹೆಸರು ಕತ್ತರಿಸಿ ಹೋಗುತ್ತಿತ್ತು. ಒಬ್ಬರು ರಂಧ್ರ ಮಾಡಿದ ಕಾರ್ಡನ್ನು ಪರಿಶೀಲನಾ ಯಂತ್ರದಲ್ಲಿ ಇಟ್ಟು ಇನ್ನೊಬ್ಬರು ಅದೇ ಅಂಕಿಗಳನ್ನು ಮತ್ತೆ ಒತ್ತುತ್ತಿದ್ದರು. ತಾಳೆಯಾಗದಿದ್ದರೆ ಯಂತ್ರ ನಿಲ್ಲುತ್ತಿತ್ತು. ಒಬ್ಬ ಮೇಷ್ಟರು ಅಂಕ ಓದಿ ಹೇಳಿ, ಇನ್ನೊಬ್ಬರು ವಹಿಗೆ ಬರೆದುಕೊಂಡು, ಮತ್ತೆ ಓದಿ ಒಪ್ಪಿಸುವ ಶಾಲೆಯ ಪದ್ಧತಿಯ ಉದ್ದೇಶವೂ ಇದೇ.

ಭಾರತದ ಮೊದಲ ಗಣಕ 1955ರಲ್ಲಿ ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂತು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂದ ಮೇಲೆ ಪ್ರೋಗ್ರಾಮಿಂಗ್ ತರಗತಿಯ ವಿಷಯವಾಯಿತು. ಅಲ್ಲಿ ಕಲಿಸಿ, 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಅವರ ಕಡಿಮೆ ಬೆಲೆಯ ಪಠ್ಯಪುಸ್ತಕಗಳಿಂದ ಹಲವು ಪೀಳಿಗೆಗಳು ಈ ವಿದ್ಯೆ ಕಲಿತವು. 1984ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆ ಬಿಬಿಸಿ ಮೈಕ್ರೋ ಗಣಕಗಳನ್ನು ಪ್ರೌಢಶಾಲೆಗಳಿಗೆ ತಂದಿತು; ಅವುಗಳ ಪ್ರೋಗ್ರಾಮಿಂಗ್ ಭಾಷೆ ಬೇಸಿಕ್. ಅಂಕಪಟ್ಟಿ ಪ್ರೋಗ್ರಾಮಿನ ಅಚ್ಚುಮೆಚ್ಚಿನ ಉದಾಹರಣೆಯಾಗಲು ಕಾರಣವಿದೆ. ಓದುವುದು, ಕೂಡುವುದು, ಹೋಲಿಸುವುದು, ಮತ್ತೆ ಮತ್ತೆ ಮಾಡುವುದು, ಅಚ್ಚು ಹಾಕುವುದು ಎಂಬ ಐದು ಮೂಲ ಕೆಲಸಗಳೂ ಅದರಲ್ಲಿವೆ, ಉತ್ತರ ಸರಿಯೇ ಎಂಬುದನ್ನು ವಿದ್ಯಾರ್ಥಿ ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು.

ಶಾಲೆಯ ಕಚೇರಿಗಳಲ್ಲಿ ಕೆಲಸಕ್ಕೆ ಬಂದದ್ದು ಬೇರೆ ಸಾಧನಗಳು. ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ಹೊರತಂದ ವಿಸಿಕ್ಯಾಲ್ಕ್ ಸ್ಪ್ರೆಡ್‌ಶೀಟಿನ ಮೊದಲಿಗ. ಒಂದು ಅಂಕ ತಿದ್ದಿದರೆ ಮೊತ್ತ ತಾನಾಗಿ ಬದಲಾಗುತ್ತಿತ್ತು. 1980ರ ದಶಕದ ಡಿಬೇಸ್, ಆಮೇಲಿನ ಫಾಕ್ಸ್‌ಪ್ರೋ, ಎಕ್ಸೆಲ್ ಇವುಗಳಲ್ಲಿ ವಹಿಯ ಪುಟ ಹೆಚ್ಚು ಕಡಿಮೆ ಹಾಗೆಯೇ ಪರದೆಗೆ ಏರಿತು. ಕನ್ನಡದಲ್ಲಿ ಹೆಸರು ಬರೆಯುವುದಕ್ಕೆ ಇನ್ನೊಂದು ತೊಡಕಿತ್ತು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಕ್ಷರದ ಚಿತ್ರ ಮಾತ್ರ ಕನ್ನಡದ್ದು, ಒಳಗಿನ ಸಂಕೇತ ಇಂಗ್ಲಿಷಿನದು. ಅಕಾರಾದಿಯಾಗಿ ಜೋಡಿಸುವುದೂ ಹುಡುಕುವುದೂ ಕಷ್ಟ. ಯೂನಿಕೋಡ್ ಬಳಕೆ ಹರಡಿದ ಮೇಲೆ ಈ ತೊಡಕು ನೀಗಿತು.

ಸರಳ ವ್ಯವಸ್ಥೆಯ ಒಳರಚನೆ

ಅಂಕ ಇಡುವ ಪ್ರೋಗ್ರಾಮನ್ನು ವಹಿಯ ಪುಟದಂತೆಯೇ ಕಟ್ಟಿದರೆ, ಒಬ್ಬ ವಿದ್ಯಾರ್ಥಿಗೆ ಒಂದು ಸಾಲು, ಒಂದೊಂದು ವಿಷಯಕ್ಕೆ ಒಂದೊಂದು ಕಾಲಮ್ಮು. ಹೊಸ ವಿಷಯ ಬಂದಾಗ ಅಥವಾ ಇನ್ನೊಂದು ಕಿರುಪರೀಕ್ಷೆ ಸೇರಿದಾಗ ಇಡೀ ಕೋಷ್ಟಕವನ್ನೇ ಒಡೆದು ಕಟ್ಟಬೇಕಾಗುತ್ತದೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿ ಇದಕ್ಕೆ ಪರಿಹಾರ ಕೊಟ್ಟಿತು. ಅದರಂತೆ ವಿದ್ಯಾರ್ಥಿಗಳಿಗೆ ಒಂದು ಕೋಷ್ಟಕ, ವಿಷಯಗಳಿಗೆ ಒಂದು, ಪರೀಕ್ಷೆಗಳಿಗೆ ಒಂದು. ನಾಲ್ಕನೆಯದರಲ್ಲಿ ಯಾರು, ಯಾವ ವಿಷಯ, ಯಾವ ಪರೀಕ್ಷೆ, ಎಷ್ಟು ಅಂಕ ಎಂಬ ನಾಲ್ಕೇ ಅಂಶ. ವಿದ್ಯಾರ್ಥಿಯ ಹೆಸರು ಒಂದೇ ಕಡೆ ಇರುವುದರಿಂದ ತಿದ್ದುಪಡಿಯೂ ಒಂದೇ ಕಡೆ ಸಾಕು. ವಹಿಯ ಪುಟ ಬೇಕಾದಾಗ ಈ ನಾಲ್ಕನ್ನೂ ಜೋಡಿಸಿ ತೋರಿಸಬಹುದು.

ಇಂಥ ವ್ಯವಸ್ಥೆ ಕಟ್ಟುವಾಗ ಆರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಗುರುತು. ಹೆಸರು ಗುರುತಾಗಲಾರದು. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರು ಇರಬಹುದು. ಒಬ್ಬನೇ ಮಂಜುನಾಥ ಒಂದು ಕಾಗದದಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಬರೆಸಿಕೊಂಡಿರಬಹುದು. ತರಗತಿಯ ಹಾಜರಿ ಸಂಖ್ಯೆ ವರ್ಷ ವರ್ಷವೂ ಬದಲಾಗುತ್ತದೆ. ಆದ್ದರಿಂದ ದಾಖಲಾತಿ ವಹಿಯ ಸಂಖ್ಯೆಯೇ ಸರಿಯಾದ ಕೀಲಿ. ಅದೂ ಒಂದು ಶಾಲೆಯೊಳಗೆ ಮಾತ್ರ.

ಎರಡನೆಯದು ಗೈರುಹಾಜರಿ. ಪರೀಕ್ಷೆಗೆ ಬಾರದವನಿಗೂ ಬಂದು ಸೊನ್ನೆ ಪಡೆದವನಿಗೂ ವ್ಯತ್ಯಾಸವಿದೆ. ಕಾಗದದಲ್ಲಿ ಎಬಿ ಎಂದು ಬರೆದರೆ ಮುಗಿಯಿತು. ಸಂಖ್ಯೆ ಮಾತ್ರ ಹಿಡಿಯುವ ಕಾಲಮ್ಮಿನಲ್ಲಿ ಅದನ್ನು ಬರೆಯಲಾಗದೆ ಹಳೆಯ ಪ್ರೋಗ್ರಾಮುಗಳು ಮೈನಸ್ ಒಂದು ಅಥವಾ 999 ಎಂಬ ಗುಪ್ತಗುರುತು ಬಳಸುತ್ತಿದ್ದವು. ಯಾರಾದರೂ ಮರೆತು ಸರಾಸರಿ ತೆಗೆದರೆ ಆ ಗುರುತೂ ಅಂಕವಾಗಿ ಸೇರಿಹೋಗುತ್ತಿತ್ತು. ಡೇಟಾಬೇಸಿನ ಖಾಲಿ ಮೌಲ್ಯ ಮತ್ತು ಅದರ ಪಕ್ಕದಲ್ಲೊಂದು ಸ್ಥಿತಿಯ ಕಾಲಮ್ಮು ಈಗಿನ ಪರಿಹಾರ.

ಮೂರನೆಯದು ಗರಿಷ್ಠ ಅಂಕ. ಕರ್ನಾಟಕದ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಆರು ವಿಷಯಗಳ ಶೇಕಡಾವಾರು ತೆಗೆದು ಸರಾಸರಿ ಮಾಡಿದರೆ ಬರುವ ಉತ್ತರ ಬೇರೆ, ಮೊತ್ತವನ್ನು 625ರಿಂದ ಭಾಗಿಸಿದರೆ ಬರುವುದು ಬೇರೆ. ಗರಿಷ್ಠ ಅಂಕ ವಿಷಯದ ಜೊತೆಗೇ ದಾಖಲಾಗಿದ್ದರೆ ಅದಕ್ಕಿಂತ ಹೆಚ್ಚಿನ ಅಂಕ ಬರೆಯಹೋದಾಗ ಪ್ರೋಗ್ರಾಮ್ ತಡೆಯುತ್ತದೆ. 78ರ ಬದಲು 780 ಒತ್ತಿದ ಬೆರಳಿನ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ನಾಲ್ಕನೆಯದು ಪೂರ್ಣಾಂಕ. 625ರ ಶೇ. 35 ಎಂದರೆ 218.75, ಅರ್ಧರ್ಧ ಅಂಕವಿಲ್ಲದ ಕಡೆ ಅದು 219 ಆಗುತ್ತದೆ. 50 ಅಂಕಗಳ ಪರೀಕ್ಷೆಯನ್ನು 15ಕ್ಕೆ ಇಳಿಸುವಾಗ 38 ಅಂಕ 11.4 ಆಗುತ್ತದೆ. ನಾಲ್ಕು ಪರೀಕ್ಷೆಗಳಲ್ಲೂ ಅಷ್ಟೇ ಪಡೆದವನ ಅಂಕಗಳನ್ನು ಒಂದೊಂದಾಗಿ ಪೂರ್ಣಾಂಕ ಮಾಡಿದರೆ 44; ಕೂಡಿದ ಮೇಲೆ ಮಾಡಿದರೆ 46. ಎರಡು ಅಂಕ ವಿದ್ಯಾರ್ಥಿಯ ಶ್ರಮದಿಂದ ಬಂದದ್ದಲ್ಲ, ಸೂತ್ರದ ಕ್ರಮದಿಂದ ಬಂದದ್ದು. ಯಾವ ಹಂತದಲ್ಲಿ ಪೂರ್ಣಾಂಕ ಮಾಡಬೇಕೆಂದು ನಿಯಮವೇ ಹೇಳಬೇಕು; ಹೇಳದಿದ್ದರೆ ಪ್ರೋಗ್ರಾಮ್ ಬರೆದವನು ತಿಳಿಯದೆಯೇ ನಿಯಮ ಮಾಡಿಬಿಟ್ಟಿರುತ್ತಾನೆ.

ಐದನೆಯದು ಬದಲಾಗುವ ನಿಯಮ. ಕನಿಷ್ಠ ಅಂಕ 35 ಎಂಬುದನ್ನು ಪ್ರೋಗ್ರಾಮಿನ ಸಾಲುಗಳೊಳಗೆ ಬರೆದುಬಿಟ್ಟರೆ ನಿಯಮ ಬದಲಾದ ದಿನ ಹಳೆಯ ವರ್ಷಗಳ ಫಲಿತಾಂಶವೂ ಬದಲಾಗಿ ಕಾಣುತ್ತದೆ. ಕರ್ನಾಟಕದಲ್ಲಿ 2025ರಲ್ಲಿ ತೇರ್ಗಡೆಯ ಮಿತಿಯನ್ನು ಶೇ. 33ಕ್ಕೆ ಇಳಿಸುವ ತೀರ್ಮಾನ ಪ್ರಕಟವಾಯಿತು. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಕೃಪಾಂಕದ ಪ್ರಮಾಣವನ್ನು ಆ ವರ್ಷದ ಮಟ್ಟಿಗೆ ಶೇ. 10ರಿಂದ 20ಕ್ಕೆ ಏರಿಸಲಾಗಿತ್ತು. ಆದ್ದರಿಂದ ನಿಯಮಗಳಿಗೆ ವರ್ಷವಾರು ಕೋಷ್ಟಕ ಬೇಕು. ಕೃಪಾಂಕವನ್ನು ಗಳಿಸಿದ ಅಂಕಕ್ಕೆ ಬೆರೆಸದೆ ಬೇರೆ ಕಾಲಮ್ಮಿನಲ್ಲಿಡಬೇಕು. ಮೊತ್ತ, ಶೇಕಡಾ, ದರ್ಜೆಗಳನ್ನು ಬೇಕೆಂದಾಗ ಲೆಕ್ಕ ಹಾಕಬೇಕು. ಬರೆದಿಟ್ಟ ಮೊತ್ತ ಮತ್ತು ತಿದ್ದಿದ ಅಂಕ ಒಂದಕ್ಕೊಂದು ತಾಳೆಯಾಗದ ಸ್ಥಿತಿ ಆಗ ಬರುವುದಿಲ್ಲ.

ಕೊನೆಯದು ತಿದ್ದುಪಡಿ. ಮರುಎಣಿಕೆ, ಮರುಮೌಲ್ಯಮಾಪನಗಳಿಂದ ಅಂಕ ಬದಲಾಗುತ್ತದೆ. ಗಣಕದಲ್ಲಿ ಹಳೆಯ ಸಂಖ್ಯೆಯ ಮೇಲೆ ಹೊಸದನ್ನು ಬರೆದರೆ ಹಳೆಯದರ ಸುಳಿವೂ ಉಳಿಯುವುದಿಲ್ಲ. ಆದ್ದರಿಂದ ಯಾರು, ಯಾವಾಗ, ಯಾವುದನ್ನು, ಏಕೆ ಬದಲಿಸಿದರು ಎಂಬ ಪ್ರತ್ಯೇಕ ಲಾಗ್ ಇರಬೇಕು. ಗೆರೆ ಎಳೆದು ಸಹಿ ಹಾಕುವ ಇನ್‌ಸ್ಪೆಕ್ಟರರ ಕಾಲದ ಕಟ್ಟಳೆ ಇದೇ ಕೆಲಸ ಮಾಡುತ್ತಿತ್ತು.

ಏಣಿ, ಶ್ರೇಣಿ, ಟ್ರ್ಯಾಕಿಂಗ್

ಕರ್ನಾಟಕದ ಶಾಲೆಗಳಲ್ಲಿ ಸಂಖ್ಯೆಯ ವಹಿಗೆ ಗಂಭೀರ ಬದಲಿ ಬಂದದ್ದು ಹೆಗ್ಗಡದೇವನಕೋಟೆಯಿಂದ. ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಅಲ್ಲಿನ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ನಲಿ-ಕಲಿ ಆರಂಭಿಸಿದರು. ಇದರಲ್ಲಿ ಪಾಠ ಮೈಲಿಗಲ್ಲುಗಳಾಗಿ ಒಡೆದಿರುತ್ತದೆ. ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಏರುತ್ತದೆ. ದಾಖಲಾಗುವುದು ನೂರಕ್ಕೆ ಎಷ್ಟು ಎಂಬುದಲ್ಲ, ಯಾವ ಮೆಟ್ಟಿಲು ಎಂಬುದು. ಶಾಲೆ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕೂಲಿಮಠದ ವೈಯಕ್ತಿಕ ಗತಿ ಹೀಗೆ ಲಿಖಿತ ದಾಖಲೆಯ ಜೊತೆಗೂಡಿತು.

2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಾನೂನಿನ ಮಾತಾಗಿಸಿತು. ಕರ್ನಾಟಕದ ಪ್ರಾಥಮಿಕ ತರಗತಿಗಳಲ್ಲಿ ಅದರ ರೂಪ ನಾಲ್ಕು ರೂಪಣಾತ್ಮಕ ಪರೀಕ್ಷೆಗಳು ತಲಾ 15, ಎರಡು ಸಂಕಲನಾತ್ಮಕ ಪರೀಕ್ಷೆಗಳು ತಲಾ 20, ಒಟ್ಟು 100. ಶ್ರೇಣಿಗಳು ಎ+ (90-100), ಎ (70-89), ಬಿ+ (50-69), ಬಿ (30-49), ಸಿ (30ಕ್ಕಿಂತ ಕಡಿಮೆ). ಕಾಗದದ ಮೇಲೆ ಇದು ಸ್ಪಷ್ಟ. ಗಣಕಕ್ಕೆ 89.5 ಎಲ್ಲಿ ಸೇರಬೇಕೆಂದು ಬೇರೆಯೇ ಹೇಳಬೇಕು. ಕ್ರೋಢೀಕೃತ ಅಂಕವಹಿಯಲ್ಲಿ ಒಂದು ಮಗುವಿನ ಒಂದು ವರ್ಷಕ್ಕೆ ಆರು ವಿಷಯ, ಆರು ಪರೀಕ್ಷೆ, ಅಂದರೆ 36 ನಮೂದುಗಳು. 40 ಮಕ್ಕಳ ತರಗತಿಗೆ 1,440. ಶಿಕ್ಷಕರು ಎಕ್ಸೆಲ್ ಹಾಳೆಗಳನ್ನು ತಾವೇ ಸಿದ್ಧಪಡಿಸಿ ಪರಸ್ಪರ ಹಂಚಿಕೊಳ್ಳತೊಡಗಿದ್ದು ಈ ಭಾರದಿಂದ.

ಕಳೆದ ದಶಕದಲ್ಲಿ ರಾಜ್ಯದ ಶಿಕ್ಷಣ ಇಲಾಖೆ ವಿದ್ಯಾರ್ಥಿ ಸಾಧನೆಯ ಟ್ರ್ಯಾಕಿಂಗ್ ವ್ಯವಸ್ಥೆಯಾದ ಸ್ಯಾಟ್ಸ್ ಅನ್ನು ಜಾರಿಗೆ ತಂದಿತು. ಪ್ರತಿ ಮಗುವಿಗೂ ರಾಜ್ಯಮಟ್ಟದ ಒಂದು ಸಂಖ್ಯೆ. ಶಾಲೆ ಬದಲಾದರೂ ಅದು ಬದಲಾಗದು. ದಾಖಲಾತಿ ಸಂಖ್ಯೆ ಶಾಲೆಯ ಗೇಟಿನೊಳಗೆ ಮಾತ್ರ ನಡೆಯುತ್ತಿದ್ದ ಕೊರತೆ ಇದರಿಂದ ನೀಗಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ನೋಂದಣಿಯೂ ಈ ದಾಖಲೆಗೆ ಜೋಡಣೆಯಾಯಿತು. 2022ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಮತ್ತು ಪದವಿಪೂರ್ವ ಪರೀಕ್ಷೆಗಳ ವ್ಯವಸ್ಥೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಗಿ ಒಂದುಗೂಡಿದ ಮೇಲೆ ಎರಡೂ ಹಂತಗಳ ಅಂಕಗಳು ಒಂದೇ ಸಂಸ್ಥೆಯ ಕೈಗೆ ಬಂದವು.

ಹಳೆಯ ದಾಖಲೆ ಎಷ್ಟು ದೂರ ಕೆಲಸಕ್ಕೆ ಬರಬಲ್ಲದು ಎಂಬುದು 2021ರಲ್ಲಿ ಕಂಡಿತು. ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಎಸ್‌ಎಸ್‌ಎಲ್‌ಸಿಯ ಅಂಕಗಳಿಗೆ ಶೇ. 45, ಪ್ರಥಮ ಪಿಯುಸಿಯದಕ್ಕೆ ಶೇ. 45, ಆಂತರಿಕ ಮೌಲ್ಯಮಾಪನಕ್ಕೆ ಶೇ. 10ರ ತೂಕ ಕೊಟ್ಟು ಫಲಿತಾಂಶ ಲೆಕ್ಕ ಹಾಕಲಾಯಿತು. ಪ್ರಥಮ ಪಿಯುಸಿಯನ್ನು ದಡ ಮುಟ್ಟಿದರೆ ಸಾಕೆಂದು ಬರೆದವರ ಅಂಕಗಳೂ ಪದವಿ ಪ್ರವೇಶದ ಆಧಾರವಾದವು. ಬರೆದಿಟ್ಟ ಅಂಕವನ್ನು ಮುಂದೆ ಯಾವ ಉದ್ದೇಶಕ್ಕೆ ಬಳಸುತ್ತಾರೆಂಬುದು ಬರೆಯುವಾಗ ಗೊತ್ತಿರುವುದಿಲ್ಲ. ಮಕ್ಕಳ ದತ್ತಾಂಶಕ್ಕೆ ಹೆಚ್ಚಿನ ರಕ್ಷಣೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳಿದ್ದಕ್ಕೆ ಇದೂ ಒಂದು ಸಮರ್ಥನೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಗ್ರ ಪ್ರಗತಿ ಪತ್ರವನ್ನು ಸೂಚಿಸಿದೆ. ಅದರಲ್ಲಿ ಶಿಕ್ಷಕರ ಅಭಿಪ್ರಾಯದ ಜೊತೆಗೆ ಮಗುವಿನ ಸ್ವಮೌಲ್ಯಮಾಪನ ಮತ್ತು ಸಹಪಾಠಿಗಳ ಮಾತೂ ಸೇರಬೇಕು. ಇವು ಸಂಖ್ಯೆಗಳಲ್ಲ, ಕೂಡಿಸಲೂ ಬರುವುದಿಲ್ಲ. ಅಂಕಕ್ಕಾಗಿ ಮಾಡಿದ ಕೋಷ್ಟಕದಲ್ಲಿ ಅವುಗಳಿಗೆ ಜಾಗವಿಲ್ಲ. ಯಾರು ಬರೆದರು, ಯಾವ ಸಂದರ್ಭದಲ್ಲಿ, ಯಾರು ಓದಬಹುದು ಎಂಬ ವಿವರಗಳಿರುವ ಇನ್ನೊಂದು ಕೋಷ್ಟಕ ಬೇಕು. ಮುದಲಿಯಾರ್ ಆಯೋಗ ಕೇಳಿದ ಕ್ರಮಬದ್ಧ ಶಾಲಾ ದಾಖಲೆಯನ್ನು ಕೈಬರಹ ಹೊರಲಾರದೆ ಹೋಗಿತ್ತು. ಗಣಕ ಅದನ್ನು ಹೊರಬಲ್ಲದು. ನಲವತ್ತು ಮಕ್ಕಳನ್ನು ಗಮನಿಸಿ ಅದರಲ್ಲಿ ಬರೆಯಲು ಬೇಕಾದ ಸಮಯವನ್ನು ಮಾತ್ರ ಶಾಲೆಯೇ ಶಿಕ್ಷಕರಿಗೆ ಕೊಡಬೇಕು.